ನೆಲ ನಿಜವಾಗಿಯೂ ಡೊಂಕಿದ್ದರೆ? ಹಬ್ಬದ ತಯಾರಿಯಲ್ಲಿರುವ ಶಾಲೆಗಳಿಗೊಂದು ಬಹಿರಂಗ ಪತ್ರ

ಮುಖ್ಯ ಶಿಕ್ಷಕರೇ, ನನ್ನಂಥ ತರಗತಿ ಶಿಕ್ಷಕ ಶಿಕ್ಷಕಿಯರೇ,

ನಮಸ್ಕಾರ.

ಹಬ್ಬ ಹತ್ತಿರ ಬಂತು ಅಂದರೆ ಶಾಲೆ ಶಾಲೆಯ ಹಾಗೆ ಇರುವುದಿಲ್ಲ. ಗೋಡೆ ತುಂಬ ಬಣ್ಣದ ಕಾಗದ, ಕಿಟಕಿಗೆ ಮಿಣುಕು ದೀಪ, ಕಾರಿಡಾರಿನಲ್ಲಿ ಗೋಂದಿನ ವಾಸನೆ, ಹಾಲ್‌ನಲ್ಲಿ ಸ್ಪೀಕರ್. ಗಣಿತದ ಪೀರಿಯಡ್ ಡ್ಯಾನ್ಸಿಗೆ ಹೋಗುತ್ತದೆ, ಆಟದ ಪೀರಿಯಡ್ ಹಾಡಿಗೆ ಹೋಗುತ್ತದೆ. ನನಗೆ ಇದೆಲ್ಲ ತುಂಬ ಇಷ್ಟ. ಮಕ್ಕಳಿಗಿಂತ ಜಾಸ್ತಿ ನಾನೇ ಕುಣಿಯುತ್ತೇನೆ ಅಂತ ಸ್ಟಾಫ್ ರೂಮಿನಲ್ಲಿ ಕಾಲೆಳೆಯುತ್ತಾರೆ. ಹಾಗಾಗಿ ಹಬ್ಬ ಬೇಡ ಅಂತ ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ.

ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕಿತ್ತು. ಅದನ್ನೇ ನೀವೂ ಈ ವಾರ ಮಾಡುತ್ತಿರಬಹುದು, ಗೊತ್ತೇ ಇಲ್ಲದೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಏಳು ವರ್ಷದ ಹುಡುಗನೊಬ್ಬ ಇದ್ದ. ಆಟಿಸಂ ಇತ್ತು. ಮಾತು ಕಮ್ಮಿ, ನೆನಪು ಜಾಸ್ತಿ. ಬೆಳಿಗ್ಗೆ ಬಂದವನೇ, ಬ್ಯಾಗ್ ಕೂಡ ಇಳಿಸದೆ, ನೇರ ಗೋಡೆಯ ಟೈಮ್‌ಟೇಬಲ್ ಹತ್ತಿರ ಹೋಗುತ್ತಿದ್ದ. ಬೆರಳಿಟ್ಟು ಒಂದೊಂದೇ ಚೌಕ ಮುಟ್ಟುತ್ತಿದ್ದ. ಕೊನೆಯ ಚೌಕದ ಪಕ್ಕದಲ್ಲಿ 'ಮನೆ' ಅಂತ ಅವನೇ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದ. ಅದನ್ನೂ ಮುಟ್ಟಿ, ಆಮೇಲೆ ಬ್ಯಾಗ್ ಇಳಿಸಿ ಕೂರುತ್ತಿದ್ದ. ಒಂದು ನಿಮಿಷದ ಕೆಲಸ. ನನಗೆ ಅದೊಂದು ಮುದ್ದಾದ ಅಭ್ಯಾಸ ಅನ್ನಿಸುತ್ತಿತ್ತು, ಅಷ್ಟೇ.

ಹಬ್ಬಕ್ಕೆ ಮೂರು ವಾರ ಇರುವಾಗ ಗೋಡೆ ಸಿಂಗಾರ ಮಾಡಿದೆವು. ಟೈಮ್‌ಟೇಬಲ್ ಮೇಲೆ ಹೊಳೆಯುವ ಕಾಗದ ಅಂಟಿಸಿದ್ದು ನಾನೇ. ಹೇಗೂ ಆ ಮೂರು ವಾರ ಟೈಮ್‌ಟೇಬಲ್ ಪ್ರಕಾರ ಏನೂ ನಡೆಯುವುದಿಲ್ಲವಲ್ಲ! ಮರುದಿನ ಹುಡುಗ ಬಂದ. ಹೊಳೆಯುವ ಕಾಗದದ ಮೇಲೆ ಬೆರಳಿಟ್ಟ. ಚೌಕಗಳು ಎಲ್ಲಿರಬೇಕಿತ್ತೋ ಅಲ್ಲಲ್ಲೇ ಬೆರಳು ಸರಿಸಿದ. ಆಮೇಲೆ ಉಗುರಿನಿಂದ ಕಾಗದದ ಅಂಚು ಕೆರೆಯತೊಡಗಿದ. "ಏಯ್, ಕೀಳಬೇಡ" ಅಂತ ಗದರಿದೆ. ಅವತ್ತು ಅವನು ಬ್ಯಾಗ್ ಇಳಿಸಲೇ ಇಲ್ಲ. ಸಂಜೆಯವರೆಗೂ ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ಬೆಂಚಿನ ತುದಿಯಲ್ಲಿ ಕೂತಿದ್ದ.

ಒಂದು ವಾರ ಕಳೆಯುವಷ್ಟರಲ್ಲಿ ಅಂಗಿಯ ಕಾಲರ್ ಕಚ್ಚಿ ಕಚ್ಚಿ ಒದ್ದೆ ಮಾಡಿಕೊಳ್ಳುತ್ತಿದ್ದ. ಹಾಲ್‌ನಲ್ಲಿ ರಿಹರ್ಸಲ್ ದಿನ ಸ್ಪೀಕರ್ ಶುರುವಾದದ್ದೇ ತಡ, ಬೆಂಚಿನ ಕೆಳಗೆ ತೂರಿ ಎರಡೂ ಕಿವಿ ಮುಚ್ಚಿಕೊಂಡ. ನಾನು ಕೈ ಹಿಡಿದು ಎಳೆದೆ. "ಎಲ್ಲರೂ ಮಾಡ್ತಿದ್ದಾರೆ ಅಲ್ವಾ? ನಿನಗೊಬ್ಬನಿಗೆ ಏನು?" ಅಂದೆ. ಅವನು ನನ್ನ ಕೈ ಕಚ್ಚಿದ.

ಮುಂದಿನದು ನಿಮಗೆ ಗೊತ್ತಿರುವ ಕಥೆಯೇ. ಅಪ್ಪ ಅಮ್ಮನನ್ನು ಕರೆಸಿದೆವು. "ಹಬ್ಬ ಮುಗಿಯೋವರೆಗೆ ಮನೆಯಲ್ಲೇ ಇರಲಿ. ಅವನಿಗೂ ಆರಾಮ, ನಮಗೂ ಆರಾಮ" ಅಂದೆವು. ಅವನ ಅಮ್ಮ ಸುಮ್ನೆ ತಲೆಯಾಡಿಸಿದರು. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳಿದರು: "ಮೇಡಂ, ಆ ಹಾಡು ಅವನಿಗೆ ಪೂರ್ತಿ ಬರುತ್ತೆ. ದಿನಾ ಸ್ನಾನ ಮಾಡುವಾಗ ಹೇಳ್ತಾನೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಪ ಹೇಳುವವರ ಬಾಯಿ ಮುಚ್ಚಿಸಲು ನಾವು ಬಳಸುವ ಗಾದೆ ಇದು. ಅವತ್ತಿನಿಂದ ಆ ಗಾದೆ ಹೇಳುವಾಗ ನನ್ನ ನಾಲಿಗೆ ತಡವರಿಸುತ್ತದೆ. ನೆಲ ನಿಜವಾಗಿಯೂ ಡೊಂಕಿದ್ದರೆ? ಡೊಂಕು ಮಾಡಿದವಳು ನಾನೇ ಆಗಿದ್ದರೆ?

ನಾನು ನಿಮ್ಮನ್ನು ಕೇಳುತ್ತಿರುವುದು ಇಷ್ಟೇ. ಏನಾಗುತ್ತದೆ ಅನ್ನುವುದನ್ನು ಮಕ್ಕಳಿಗೆ ಮೊದಲೇ ಹೇಳಿ. ಕಾರ್ಯಕ್ರಮದ ದಿನದ ಬಗ್ಗೆ ನಾವು ಎಷ್ಟೊಂದು ತಲೆ ಕೆಡಿಸಿಕೊಳ್ಳುತ್ತೇವೆ. ಮಗು ಕುಸಿಯುವುದು ಅದರ ಹಿಂದಿನ ಮೂರು ವಾರಗಳಲ್ಲಿ. ಆ ವಾರಗಳಲ್ಲಿ ಶಾಲೆಯಲ್ಲಿ ಯಾವಾಗ ಏನು ಅನ್ನುವುದು ದೊಡ್ಡವರಿಗೇ ಗೊತ್ತಿರುವುದಿಲ್ಲ.

ನ್ಯೂರೋಡೈವರ್ಜೆಂಟ್ ಅನ್ನುವ ಮಾತು ಈಚೆಗೆ ಎಲ್ಲ ಕಡೆ ಕೇಳುತ್ತದೆ. ನ್ಯೂರೋಡೈವರ್ಸಿಟಿ ಅನ್ನುವ ಪದ 1990ರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಬಂತು, ಅದರ ಬೆನ್ನಿಗೇ ಇದೂ ಬಂತು. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲಿಸುವುದು, ಸುಮ್ನೆ ಕೂರುವುದು ಕಷ್ಟ), ಡಿಸ್ಲೆಕ್ಸಿಯಾ (ಓದು ಬರಹ ಕಷ್ಟ), ಡಿಸ್‌ಪ್ರಾಕ್ಸಿಯಾ (ಕೈಕಾಲಿನ ಚಲನೆ ಹೊಂದಿಸುವುದು ಕಷ್ಟ), ಟುರೆಟ್ (ತಡೆಯಲಾಗದೆ ಮೈ ಅದುರುವುದು, ಸದ್ದು ಹೊರಡುವುದು) ಎಲ್ಲವೂ ಇದರೊಳಗೆ ಬರುತ್ತವೆ. ಮೆದುಳು ಕೆಟ್ಟಿಲ್ಲ, ಬೇರೆ ಥರ ಕೆಲಸ ಮಾಡುತ್ತದೆ ಅಂತ ಅರ್ಥ. ಸರ್ಟಿಫಿಕೇಟ್ ಇರುವ ಮಕ್ಕಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಪರೀಕ್ಷೆಯೇ ಮಾಡಿಸದ ಮಕ್ಕಳು ಪ್ರತಿ ತರಗತಿಯಲ್ಲೂ ಇರಬಹುದು. ಸೋಮಾರಿ, ಹಠಮಾರಿ, ನಾಚಿಕೆ ಬುರುಕಿ ಅಂತ ನಾವು ಇಟ್ಟ ಹೆಸರುಗಳ ಹಿಂದೆ ಅವರು ಕೂತಿರುತ್ತಾರೆ.

ಲಿಯೋ ಕ್ಯಾನರ್ ಎಂಬ ವೈದ್ಯ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ. ಆಟಿಸಂ ಬಗೆಗಿನ ಮೊದಮೊದಲ ಬರಹಗಳಲ್ಲಿ ಅದೂ ಒಂದು. ಅವನ ಎಷ್ಟೋ ಊಹೆಗಳು ಆಮೇಲೆ ಬಿದ್ದುಹೋದವು. ಆದರೆ ಒಂದನ್ನು ಅವನು ಸರಿಯಾಗಿ ಗುರುತಿಸಿದ್ದ. ಎಲ್ಲವೂ ನಿನ್ನೆ ಇದ್ದ ಹಾಗೇ ಇರಬೇಕು ಅನ್ನುವ ತೀವ್ರ ಆಸೆ ಈ ಮಕ್ಕಳಲ್ಲಿದೆ ಅಂತ. ನಾವು ಅದನ್ನು ಹಠ ಅಂತ ಓದಿಕೊಂಡೆವು. ಸ್ವಲ್ಪ ಯೋಚಿಸಿ ನೋಡಿ. ಎದುರಿಗಿರುವವರ ಮುಖ ಓದುವುದು ಕಷ್ಟ, ಸದ್ದಿನ ರಾಶಿಯಿಂದ ಬೇಕಾದ ಮಾತನ್ನು ಹೆಕ್ಕುವುದು ಕಷ್ಟ, ಯಾರು ಯಾವಾಗ ಮೈ ಮುಟ್ಟುತ್ತಾರೋ ಗೊತ್ತಿಲ್ಲ. ಅಂಥವರಿಗೆ ಬೆಳಿಗ್ಗೆ ಕನ್ನಡ, ಆಮೇಲೆ ಗಣಿತ, ಆಮೇಲೆ ಊಟ ಅನ್ನುವುದು ಕತ್ತಲ ಮೆಟ್ಟಿಲಿನ ಕೈಗಂಬಿ ಇದ್ದ ಹಾಗೆ. ನಾನು ಅದರ ಮೇಲೆ ಹೊಳೆಯುವ ಕಾಗದ ಅಂಟಿಸಿದ್ದೆ.

ಕಂಬಿಯನ್ನು ಉಳಿಸಿಕೊಳ್ಳುವುದು ಕಷ್ಟವಲ್ಲ. ಚಿತ್ರದ ದಿನಚರಿ ಹೊಸ ಸಂಗತಿಯೇನಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮನಶ್ಶಾಸ್ತ್ರಜ್ಞ ಎರಿಕ್ ಶಾಪ್ಲರ್ ಮತ್ತು ಜೊತೆಗಾರರು ಆಟಿಸಂ ಇರುವವರಿಗಾಗಿ ಕಟ್ಟಿದ ಟೀಚ್ ಕಾರ್ಯಕ್ರಮ 1972ರಿಂದ ಇಡೀ ರಾಜ್ಯಕ್ಕೆ ಹಬ್ಬಿತು. ದಿನದ ಕೆಲಸಗಳನ್ನು ಕಣ್ಣಿಗೆ ಕಾಣುವಂತೆ ಸಾಲಾಗಿ ಇಡುವುದು ಅದರ ಜೀವಾಳ. ನಾನು ಮಾಡುವುದು ಅದರ ಬಡ ನೆಂಟ ಅನ್ನಿ. ಒಂದು ರಟ್ಟಿನ ಪಟ್ಟಿ, ಅದರ ಮೇಲೆ ತೆಗೆದು ಅಂಟಿಸಬಹುದಾದ ಚೀಟಿಗಳು. ರಿಹರ್ಸಲ್ ಇದ್ದ ದಿನ ಗಣಿತದ ಚೀಟಿ ಕಿತ್ತು 'ಹಾಲ್' ಚೀಟಿ ಹಾಕುತ್ತೇನೆ. ಮಕ್ಕಳ ಎದುರಿಗೇ, ಬೆಳಿಗ್ಗೆಯೇ. ಮುಗಿದದ್ದನ್ನು ತೆಗೆದು ಕೆಳಗಿನ ಡಬ್ಬಿಗೆ ಹಾಕುತ್ತೇವೆ. ಅದನ್ನು ಹಾಕುವುದಕ್ಕೆ ಈಗ ಇಡೀ ತರಗತಿಯಲ್ಲಿ ಪೈಪೋಟಿ.

ಇನ್ನೊಂದು ಚೀಟಿ ಇದೆ, ಅದರ ಮೇಲೆ ಬರೀ ಪ್ರಶ್ನಾರ್ಥಕ ಚಿಹ್ನೆ. ಏನಾಗುತ್ತದೆ ಅಂತ ನನಗೇ ಗೊತ್ತಿಲ್ಲದ ಹೊತ್ತಿಗೆ ಅದು. "ಮಧ್ಯಾಹ್ನ ರಿಹರ್ಸಲ್ ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲದಿದ್ದರೆ ಚಿತ್ರ ಬಿಡಿಸುತ್ತೇವೆ." ಗೊತ್ತಿಲ್ಲ ಅನ್ನುವುದನ್ನೂ ಮೊದಲೇ ಹೇಳಬಹುದು ಅಂತ ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು! ಆದರೆ ಈ ಚೀಟಿಯನ್ನು ಹಬ್ಬದ ವಾರದಲ್ಲಿ ಮೊದಲ ಸಲ ತೋರಿಸಬೇಡಿ. ಏನೂ ಗಡಿಬಿಡಿ ಇಲ್ಲದ ದಿನಗಳಲ್ಲಿ, ಪ್ರಶ್ನೆಯ ಹಿಂದೆ ಮಗುವಿಗೆ ಇಷ್ಟದ ಕೆಲಸವನ್ನೇ ಇಟ್ಟು, ಅಭ್ಯಾಸ ಮಾಡಿಸಿ.

ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಶುರುವಿನಲ್ಲಿ ಸೋಷಿಯಲ್ ಸ್ಟೋರಿ ಅನ್ನುವ ಪದ್ಧತಿ ತಂದರು. ಮುಂದೆ ಬರುವ ಒಂದು ಸಂದರ್ಭವನ್ನು ಮಗುವಿನ ಮಾತಿನಲ್ಲಿ, ನಾಲ್ಕೈದು ಸಾಲುಗಳಲ್ಲಿ ಬರೆದುಕೊಡುವುದು. ನಾನು ಬರೆದ ಒಂದು ಹೀಗಿತ್ತು:

"ಶುಕ್ರವಾರ ನಾವು ಹಾಲ್‌ಗೆ ಹೋಗುತ್ತೇವೆ. ಅಲ್ಲಿ ಹಾಡು ಜೋರಾಗಿ ಕೇಳಬಹುದು. ನನ್ನ ಹೆಡ್‌ಫೋನ್ ನನ್ನ ಹತ್ತಿರವೇ ಇರುತ್ತದೆ. ಬೇಕಾದರೆ ನಾನು ಹೊರಗೆ ಬರಬಹುದು. ನಾಲ್ಕು ಹಾಡು ಆದ ಮೇಲೆ ನಾವು ತರಗತಿಗೆ ವಾಪಸ್ ಬರುತ್ತೇವೆ. ಆಮೇಲೆ ಊಟ."

ಇದರಲ್ಲಿ 'ಕೇಳಬಹುದು' ಅನ್ನುವ ಪದವನ್ನು ಗಮನಿಸಿ. ಮೊದಲು 'ಕೇಳುತ್ತದೆ' ಅಂತ ಬರೆದಿದ್ದೆ. ಅವತ್ತು ಕರೆಂಟ್ ಹೋಗಿ ಹಾಡೇ ಇರಲಿಲ್ಲ. ಮಗು ಆ ಹಾಳೆಯನ್ನು ನನ್ನ ಮೇಜಿನ ಮೇಲೆ ತಂದಿಟ್ಟು, "ಸುಳ್ಳು" ಅಂತ ಹೇಳಿ ಹೋಯಿತು. ಮಾತು ಕೊಟ್ಟಷ್ಟೇ ನಡೆಸಿಕೊಳ್ಳಬೇಕು, ಇಲ್ಲವೇ ಕಮ್ಮಿ ಮಾತು ಕೊಡಬೇಕು.

ಇನ್ನು ಸದ್ದು. ಇದನ್ನು ನಾವು ತುಂಬ ಹಗುರವಾಗಿ ತೆಗೆದುಕೊಳ್ಳುತ್ತೇವೆ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್. ಡೆಸಿಬೆಲ್ ಲೆಕ್ಕ ಅಳತೆಪಟ್ಟಿಯ ಲೆಕ್ಕದ ಹಾಗಲ್ಲ. ಪ್ರತಿ 10 ಏರಿದಾಗ ಸದ್ದಿನ ಶಕ್ತಿ ಹತ್ತು ಪಟ್ಟು ಏರುತ್ತದೆ. 60ರಿಂದ 90ಕ್ಕೆ ಹೋದರೆ ಸಾವಿರ ಪಟ್ಟು. ಖಾಲಿ ಗೋಡೆಯ ಹಾಲ್, ಎರಡು ದೊಡ್ಡ ಸ್ಪೀಕರ್, ಇನ್ನೂರು ಮಕ್ಕಳ ಚಪ್ಪಾಳೆ. ನಮಗೇ ತಲೆ ಸಿಡಿಯುತ್ತದೆ, ಹಬ್ಬ ಅಂತ ನಗುತ್ತೇವೆ. ಆಟಿಸಂ ಇರುವ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ತಮ್ಮ ಬಾಲ್ಯವನ್ನು ನೆನೆಯುತ್ತಾ, ಜೋರು ಸದ್ದು ಅಂದರೆ ದಂತವೈದ್ಯರ ಡ್ರಿಲ್ ನರಕ್ಕೆ ತಾಗಿದ ಹಾಗೆ ಇರುತ್ತಿತ್ತು, ಬಲೂನ್ ಒಡೆದರೆ ಕಿವಿಯೊಳಗೆ ಸ್ಫೋಟವಾದ ಹಾಗೆ ಆಗುತ್ತಿತ್ತು ಅಂತ ಹೇಳಿದ್ದಾರೆ. ಹೋಲಿಕೆಗೆ ಹೇಳಿದ್ದಲ್ಲ, ನಿಜವಾದ ನೋವು. ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು 2013ರಲ್ಲಿ ಬಂದ ಡಿಎಸ್‌ಎಂ-5 (ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ) ಆಟಿಸಂ ಗುರುತಿಸುವ ಲಕ್ಷಣಗಳ ಪಟ್ಟಿಗೇ ಸೇರಿಸಿತು.

ಹಾಗಾಗಿ ಬೆಂಚಿನ ಕೆಳಗೆ ಹೋದ ಮಗು ನಾಟಕ ಮಾಡುತ್ತಿಲ್ಲ. ನೋವಿನಿಂದ ತಪ್ಪಿಸಿಕೊಳ್ಳುತ್ತಿದೆ. ಅದನ್ನು ಕೈ ಹಿಡಿದು ನೋವಿನೊಳಕ್ಕೆ ಎಳೆದರೆ ಕಚ್ಚದೆ ಇನ್ನೇನು ಮಾಡೀತು?

ಸ್ಪೀಕರ್ ಸದ್ದು ತಗ್ಗಿಸಿ. ಮಕ್ಕಳ ಕಡೆ ಮುಖ ಮಾಡಿ ಇಡಬೇಡಿ. ಹಾಡು ಶುರುವಾಗುವ ಮೊದಲು ಕೈ ಎತ್ತಿ ಸನ್ನೆ ಮಾಡಿ. ಬರುತ್ತದೆ ಅಂತ ಗೊತ್ತಿರುವ ಸದ್ದಿಗೂ ತಟ್ಟನೆ ಬಂದು ಎರಗುವ ಸದ್ದಿಗೂ ತುಂಬ ವ್ಯತ್ಯಾಸ. ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡ ಮಗುವನ್ನು "ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ, ತೆಗಿ" ಅನ್ನಬೇಡಿ. ಈ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಮಿಣುಕು ದೀಪಗಳಲ್ಲಿ ಮಿಣುಕದೆ ಉರಿಯುವ ಆಯ್ಕೆಯೂ ಸಾಮಾನ್ಯವಾಗಿ ಇರುತ್ತದೆ, ಅದನ್ನೇ ಹಾಕಿ. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಜಾಸ್ತಿ ಕಾಣುತ್ತದೆ. ಮೂರ್ಛೆರೋಗ ಇರುವ ಕೆಲವರಿಗೆ ಪಟಪಟ ಮಿಂಚುವ ಬೆಳಕೇ ಅಪಾಯ.

ವೇಷಭೂಷಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚುಚ್ಚುವ ಜರಿ, ಬಿಗಿ ಎಲಾಸ್ಟಿಕ್, ಮುಖಕ್ಕೆ ಬಳಿಯುವ ಬಣ್ಣ ಕೆಲವು ಮಕ್ಕಳಿಗೆ ಉಪ್ಪುಕಾಗದ ಉಜ್ಜಿದ ಹಾಗೆ. ಒಳಗೆ ತಮ್ಮದೇ ಹಳೆಯ ಬನಿಯನ್ ಹಾಕಿಕೊಳ್ಳಲಿ. ವೇಷವನ್ನು ಒಂದು ವಾರ ಮೊದಲೇ ಮನೆಗೆ ಕಳಿಸಿ. ಡಿಸ್‌ಪ್ರಾಕ್ಸಿಯಾ ಇರುವ ಮಗುವಿಗೆ ಹನ್ನೆರಡು ಗುಂಡಿಯ ಅಂಗಿ ಕೊಟ್ಟು "ಬೇಗ ಬೇಗ" ಅಂದರೆ ಅದು ವೇದಿಕೆಗೆ ಹೋಗುವ ಮೊದಲೇ ಸೋತಿರುತ್ತದೆ.

ಎಡಿಎಚ್‌ಡಿ ಇರುವ ಮಕ್ಕಳ ಪಾಡು ಬೇರೆ. ಅವರಿಗೆ ಹಬ್ಬ ಅಂದರೆ ಪ್ರಾಣ. ಕಷ್ಟವಾಗುವುದು ಕಾಯುವುದು. ಎರಡು ನಿಮಿಷದ ಡ್ಯಾನ್ಸಿಗಾಗಿ ಒಂದೂವರೆ ಗಂಟೆ ಸಾಲಿನಲ್ಲಿ ಕೈಕಟ್ಟಿ ಕೂರಿಸುತ್ತೇವೆ. ಅದರ ಮೇಲೆ ರಿಹರ್ಸಲ್‌ಗೆ ಸಮಯ ಸಾಲದು ಅಂತ ಆಟದ ಪೀರಿಯಡ್ಡನ್ನೇ ಕಿತ್ತುಕೊಳ್ಳುತ್ತೇವೆ. ಮೈ ಸಡಿಲ ಮಾಡಿಕೊಳ್ಳಲು ಇದ್ದ ಒಂದೇ ದಾರಿ ಅದು. ಆಮೇಲೆ ಮಗು ಚಡಪಡಿಸಿದರೆ "ಸುಮ್ನೆ ಕೂರದಿದ್ದರೆ ಡ್ಯಾನ್ಸಿನಿಂದ ತೆಗೆದುಬಿಡ್ತೀನಿ" ಅಂತ ಹೆದರಿಕೆ. ಕೂರಲಾಗದವನಿಗೆ ಕೂರದಿದ್ದಕ್ಕೆ ಶಿಕ್ಷೆ. ಒಂದು ಕೆಲಸ ಕೊಟ್ಟು ನೋಡಿ. ಕುರ್ಚಿ ಸಾಗಿಸಲಿ, ಮೈಕ್ ತಂದುಕೊಡಲಿ, ಮುಂದಿನ ತಂಡವನ್ನು ಕರೆದುಕೊಂಡು ಬರಲಿ. ಇಡೀ ಕಾರ್ಯಕ್ರಮಕ್ಕೆ ಅವನೇ ಮ್ಯಾನೇಜರ್ ಆಗಿಬಿಡುತ್ತಾನೆ. ಸ್ವಲ್ಪ ತಲೆನೋವಿನ ಮ್ಯಾನೇಜರ್, ನಿಜ.

ಡಿಸ್ಲೆಕ್ಸಿಯಾ ಇರುವ ಮಗುವಿಗೆ ಓದುವ ಹಾಳೆಯನ್ನು ಅವತ್ತೇ ಕೈಗಿಡಬೇಡಿ. ಮಾತುಗಳನ್ನು ರೆಕಾರ್ಡ್ ಮಾಡಿ ವಾರದ ಮೊದಲೇ ಮನೆಗೆ ಕಳಿಸಿದರೆ ಕೇಳಿ ಕಲಿಯುತ್ತದೆ. ಇಲ್ಲೂ ಅದೇ, ಮೊದಲೇ.

ಅಚ್ಚರಿಯ ಉಡುಗೊರೆ, ಅಚ್ಚರಿಯ ಅತಿಥಿ, ವೇಷ ಹಾಕಿಕೊಂಡು ಹಿಂದಿನಿಂದ ಬಂದು "ಬೌ" ಅನ್ನುವ ಸರ್. ಕೆಲವು ಮಕ್ಕಳಿಗೆ ಅಚ್ಚರಿಯೂ ಹೆದರಿಕೆಯೂ ಒಂದೇ ಬಾಗಿಲಿನಿಂದ ಬರುತ್ತವೆ. ಪೊಟ್ಟಣದೊಳಗೆ ಏನಿದೆ ಅಂತ ಗುಟ್ಟಾಗಿ ಮೊದಲೇ ಹೇಳಿಬಿಟ್ಟರೆ ಅವರ ಖುಷಿ ಕಮ್ಮಿ ಆಗುವುದಿಲ್ಲ. ಖುಷಿಪಡಲು ಜಾಗ ಸಿಗುತ್ತದೆ.

"ನಮ್ಮ ಶಾಲೆಯಲ್ಲಿ ಅಂಥ ತೊಂದರೆಯೇ ಇಲ್ಲ, ಮಗು ಚೆನ್ನಾಗೇ ಇತ್ತು" ಅನ್ನುವವರಿಗೆ ಒಂದು ಮಾತು. ಎಷ್ಟೋ ಮಕ್ಕಳು, ಅದರಲ್ಲೂ ಹುಡುಗಿಯರು, ಎಲ್ಲರನ್ನೂ ನೋಡಿ ನೋಡಿ ಹಾಗೇ ನಗುವುದನ್ನು ಕಲಿತಿರುತ್ತಾರೆ. ಇಡೀ ದಿನ ಹಲ್ಲು ಕಚ್ಚಿ ನಡೆಸಿ, ಮನೆಯ ಹೊಸ್ತಿಲು ದಾಟಿದ ಕೂಡಲೇ ಒಡೆದುಹೋಗುತ್ತಾರೆ. ಅತ್ತು, ಕಿರುಚಿ, ಊಟ ಬಿಟ್ಟು, ಮಾತೇ ಬಿಟ್ಟು ಮಲಗಿಬಿಡುತ್ತಾರೆ. ಅದನ್ನು ಅಮ್ಮ ಬಂದು ಹೇಳಿದರೆ "ಶಾಲೆಯಲ್ಲಿ ಸರಿಯಾಗಿದ್ದಾಳಲ್ಲ, ಮನೆಯಲ್ಲಿ ಮುದ್ದು ಜಾಸ್ತಿ ಆಗಿರಬೇಕು" ಅನ್ನುತ್ತೇವೆ. ದಯವಿಟ್ಟು ಅನ್ನಬೇಡಿ. "ನಿನ್ನೆ ಸಂಜೆ ಹೇಗಿದ್ದಳು?" ಅಂತ ಹಬ್ಬದ ವಾರಗಳಲ್ಲಿ ನೀವೇ ಕೇಳಿ. ಉತ್ತರದಲ್ಲಿ ಮರುದಿನದ ಟೈಮ್‌ಟೇಬಲ್ ಇರುತ್ತದೆ.

ಮುಖ್ಯ ಶಿಕ್ಷಕರೇ, ಇದು ನಿಮಗೆ. ಶಾಂತ ಕೋಣೆ ಬೇಕು ಅಂದರೆ ಜಾಗ ಎಲ್ಲಿದೆ ಅಂತ ಕೇಳುತ್ತೀರಿ. ಲೈಬ್ರರಿಯ ಮೂಲೆ ಸಾಕು. ಎರಡು ಚಾಪೆ, ಮಂದ ಬೆಳಕು, ಪರಿಚಯದ ಒಬ್ಬ ದೊಡ್ಡವರು. ಆದರೆ ತಪ್ಪು ಮಾಡಿದವರನ್ನು ಕೂರಿಸುವ ಜಾಗವನ್ನೇ ಅದಕ್ಕೆ ಕೊಡಬೇಡಿ. ಕೇಳದೆ ಎದ್ದು ಹೋಗಲು ಮಗುವಿಗೆ ಒಂದು ಕಾರ್ಡ್ ಕೊಡಿ. ತೋರಿಸಿದರೆ ಯಾರೂ "ಯಾಕೆ, ಎಲ್ಲಿಗೆ" ಅನ್ನಬಾರದು. ಹಾಗೆ ಕೊಟ್ಟರೆ ದಿನವಿಡೀ ಹೊರಗೇ ಇರುತ್ತಾರೆ ಅನ್ನುವ ಭಯ ನನಗೂ ಇತ್ತು. ಆಗಿದ್ದು ಬೇರೆ. ಬಾಗಿಲು ತೆರೆದಿದೆ ಅಂತ ಗೊತ್ತಾದ ಮೇಲೆ ಒಳಗೆ ಇನ್ನೂ ಸ್ವಲ್ಪ ಹೊತ್ತು ಕೂತರು.

ಅಂತಿಮ ರಿಹರ್ಸಲ್ ಅನ್ನೇ ಒಂದು ಸಣ್ಣ ಪ್ರದರ್ಶನ ಮಾಡಿ. ಎಷ್ಟೋ ನಾಟಕ ಮಂದಿರಗಳಲ್ಲಿ ರಿಲ್ಯಾಕ್ಸ್ಡ್ ಪರ್ಫಾರ್ಮೆನ್ಸ್ ಅಂತ ಮಾಡುತ್ತಾರೆ. ದೀಪ ಪೂರ್ತಿ ಆರಿಸುವುದಿಲ್ಲ, ಸದ್ದು ತಗ್ಗಿಸುತ್ತಾರೆ, ಎದ್ದು ಓಡಾಡಿದರೆ, ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಕೆಲವು ಮಕ್ಕಳು ಆ ದಿನವೇ ವೇದಿಕೆ ಏರಲಿ, ಅವರ ಮನೆಯವರು ಆ ದಿನವೇ ಬಂದು ನೋಡಲಿ. ಎರಡನೆಯ ದರ್ಜೆಯ ಕಾರ್ಯಕ್ರಮ ಅನ್ನಿಸದ ಹಾಗೆ ನಡೆಸುವುದು ನಿಮ್ಮ ಕೈಯಲ್ಲಿದೆ. ನೀವು ಮೊದಲ ಸಾಲಿನಲ್ಲಿ ಬಂದು ಕೂತರೆ ಸಾಕು.

"ಮನೆಯಲ್ಲೇ ಇರಲಿ" ಅನ್ನುವ ಮಾತಿಗೆ ಕಾನೂನಿನ ಮುಖವೂ ಇದೆ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರ ಡಿಸೆಂಬರ್‌ನಲ್ಲಿ ಒಪ್ಪಿದ ಒಡಂಬಡಿಕೆಗೆ 180ಕ್ಕೂ ಹೆಚ್ಚು ದೇಶಗಳು ಸೇರಿವೆ. ಅದರ 24ನೇ ವಿಧಿ ಎಲ್ಲರೂ ಒಟ್ಟಿಗೆ ಕಲಿಯುವ ಶಿಕ್ಷಣದ ಬಗ್ಗೆ. 30ನೇ ವಿಧಿ ಶಾಲೆಯೊಳಗಿನ ಆಟ, ಮನರಂಜನೆಗಳಲ್ಲೂ ಈ ಮಕ್ಕಳಿಗೆ ಸಮಪಾಲು ಇರಬೇಕು ಅನ್ನುತ್ತದೆ. ಬೇಕಾದ ಸಣ್ಣಪುಟ್ಟ ಹೊಂದಾಣಿಕೆ ಮಾಡಿಕೊಡದಿರುವುದನ್ನೇ ತಾರತಮ್ಯ ಅಂತ ಅದು ಕರೆಯುತ್ತದೆ. ಆ ಅಮ್ಮನಿಗೆ ನಾವು ಹೇಳಿದ್ದು ಸಲಹೆಯಾಗಿರಲಿಲ್ಲ ಅಂತ ನನಗೆ ತಡವಾಗಿ ಗೊತ್ತಾಯಿತು.

ಹಾಗಂತ ಎಲ್ಲರನ್ನೂ ವೇದಿಕೆಗೆ ಹತ್ತಿಸಲೇಬೇಕು ಅಂತಲೂ ಅಲ್ಲ. ಬೇಡ ಅನ್ನುವ ಹಕ್ಕೂ ಮಗುವಿಗಿದೆ. ನಾವು ಮಗುವಿನ ಪರವಾಗಿ ಬೇಡ ಅನ್ನುವುದು ಬೇರೆ. ಏನೇನಿದೆ ಅಂತ ಪೂರ್ತಿ ತೋರಿಸಿದ ಮೇಲೆ ಮಗು ತಾನೇ ಬೇಡ ಅನ್ನುವುದು ಬೇರೆ. ಬಾಯಲ್ಲಿ ಹೇಳಲಾಗದ ಮಗು ಚೀಟಿ ತೋರಿಸಿ ಹೇಳುತ್ತದೆ, ಮುಖ ತಿರುಗಿಸಿ ಹೇಳುತ್ತದೆ. ಅದನ್ನೂ ಉತ್ತರ ಅಂತಲೇ ಬರೆದುಕೊಳ್ಳಿ.

ನನ್ನ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಮುಂದಿನ ವರ್ಷ ಹಬ್ಬಕ್ಕೆ ಒಂದು ತಿಂಗಳು ಇರುವಾಗಲೇ ಅವನ ಅಮ್ಮನನ್ನು ಕರೆದು ಕೂತೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಅವನನ್ನು ಖಾಲಿ ಹಾಲ್‌ಗೆ ಕರೆದುಕೊಂಡು ಹೋದೆವು, ಸ್ಪೀಕರ್ ಇಲ್ಲದ ದಿನ. ವೇದಿಕೆ ಮೇಲೆ ನಿಲ್ಲಲು ಅವನಿಗೆ ಇಷ್ಟವಾಗಲಿಲ್ಲ. ಪರದೆಯ ಹಗ್ಗ ಇಷ್ಟವಾಯಿತು. ಎಳೆದ, ಬಿಟ್ಟ, ಮತ್ತೆ ಎಳೆದ. ಗಾಲಿ ತಿರುಗುವುದನ್ನು ಕತ್ತೆತ್ತಿ ನೋಡಿದ. ಆ ವರ್ಷ ಪರದೆ ಅವನದೇ ಆಯಿತು. ಹೆಡ್‌ಫೋನ್ ಹಾಕಿಕೊಂಡು, ಕಾರ್ಯಕ್ರಮಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು, ಒಂದೊಂದು ಮುಗಿದ ಹಾಗೆ ಬೆರಳಿಟ್ಟು ಸರಿಸುತ್ತಾ ನಿಂತಿದ್ದ. ಆ ಹಾಡು ಬಂದಾಗ ಪರದೆಯ ಹಿಂದೆ ಅವನ ತುಟಿ ಅಲ್ಲಾಡುತ್ತಿತ್ತು. ಕೊನೆಯ ಸಾಲು ಮುಗಿದ ಮೇಲೆಯೇ ಹಗ್ಗ ಎಳೆದ. ಗ್ರೂಪ್ ಫೋಟೋಗೆ ಬರಲಿಲ್ಲ, ಮನೆಗೆ ಹೋಗುವ ಚೌಕ ಬಂದಿತ್ತು.

ನಾಳೆ ನೀವು ಗೋಡೆ ಸಿಂಗಾರ ಮಾಡುತ್ತೀರಿ. ಟೈಮ್‌ಟೇಬಲ್ ಇರುವ ಅಷ್ಟು ಜಾಗ ಬಿಟ್ಟು ಸುತ್ತಲೂ ಎಷ್ಟು ಬೇಕಾದರೂ ಅಂಟಿಸಿ. ಹಬ್ಬ ಮುಗಿದು ಎಲ್ಲವನ್ನೂ ಕೀಳುವ ದಿನ ಯಾವುದು ಅನ್ನುವುದನ್ನೂ ಅದರಲ್ಲೇ ಒಂದು ಚೌಕದಲ್ಲಿ ಬರೆದಿಡಿ. ಖಾಲಿ ಗೋಡೆಯೂ ಕೆಲವರಿಗೆ ಅಚ್ಚರಿಯೇ.

ಇಂತಿ,
ನಿಮ್ಮ ಹಾಗೇ ಬೆರಳಿಗೆಲ್ಲ ಗೋಂದು ಮೆತ್ತಿಕೊಂಡಿರುವ
ಒಬ್ಬ ತರಗತಿ ಶಿಕ್ಷಕಿ